ಬಿಟ್ಟು ಓದಿದ ವಾಕ್ಯಗಳು

ತಿಂಗಳ ಮೊದಲ ಭಾನುವಾರ ಬಂತೆಂದರೆ ಸುಕುಮಾರ ಕರ್ಕಡ ಮನೆಯವರೆಲ್ಲರಿಗಿಂತ ಮೊದಲೇ ಚರ್ಚಿಗೆ ಹೊರಡುತ್ತಿದ್ದ. ಭಕ್ತಿ ಹೆಚ್ಚಾಗಿ ಅಲ್ಲ. ಅವತ್ತು ಕರ್ತನ ಭೋಜನದ ಆರಾಧನೆ. ಜನ ಜಾಸ್ತಿ, ಕಾರುಗಳು ಜಾಸ್ತಿ. ಗೇಟಿನ ಬಳಿ ನಿಂತು ಗಾಡಿಗಳನ್ನು ಸಾಲಾಗಿ ನಿಲ್ಲಿಸಲು ಒಬ್ಬರು ಬೇಕು. ಆ ಕೆಲಸವನ್ನು ಅವನು ತಾನಾಗಿ ಕೇಳಿ ಪಡೆದುಕೊಂಡಿದ್ದ. ಒಳಗೆ ಪ್ರಸಂಗ ಮುಗಿದು, ಜನ ಎದ್ದು ರೊಟ್ಟಿ ಮತ್ತು ದ್ರಾಕ್ಷಾರಸಕ್ಕಾಗಿ ಮುಂದೆ ಹೋಗುವ ಹೊತ್ತಿಗೆ ಅವನು ರಸ್ತೆಯ ಬದಿಯಲ್ಲಿ, ಸರಿಯಾಗಿಯೇ ನಿಂತಿರುವ ಸ್ಕೂಟರೊಂದನ್ನು ಎಳೆದು ಮತ್ತೆ ಸರಿಯಾಗಿ ನಿಲ್ಲಿಸುತ್ತಿದ್ದ.

ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ಚರ್ಚು ಅದು. ಕೊನೆಯ ಸಾಲಿನವರ ಜೊತೆ ಗಂಡನೂ ಬಂದು ತೆಗೆದುಕೊಂಡಿರುತ್ತಾನೆ ಎಂದು ಹೆಂಡತಿ ಸ್ನೇಹಲತಾ ಎಣಿಸುತ್ತಿದ್ದಳು. ಸಭೆಯವರೂ ಹಾಗೆಯೇ ಎಣಿಸುತ್ತಿದ್ದರು. ಒಂಬತ್ತು ವರ್ಷ ಹೀಗೇ ಹೋಯಿತು. ಒಂಬತ್ತು ವರ್ಷಗಳಲ್ಲಿ ಅವನು ಒಮ್ಮೆಯೂ ಆ ರೊಟ್ಟಿಯನ್ನು ಮುಟ್ಟಿರಲಿಲ್ಲ. ಮುಟ್ಟಿದರೆ ಅಲ್ಲಿಯೇ ಸಾಯುತ್ತೇನೆ, ಸತ್ತ ಮೇಲೆ ಹೋಗುವ ಜಾಗವೂ ಯಾವುದೆಂದು ತೀರ್ಮಾನವಾಗಿದೆ ಎಂದು ಅವನು ನಂಬಿದ್ದ.

ಅವನಿಗೆ ಐವತ್ತೊಂದು ವರ್ಷ. ಮನೆ ಶಕ್ತಿನಗರದಲ್ಲಿ. ಕೆಲಸ ಬೈಕಂಪಾಡಿಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ. ಹಸಿ ಬೀಜವನ್ನು ಆವಿಯಲ್ಲಿ ಬೇಯಿಸುವ ಬಾಯ್ಲರ್ ನೋಡಿಕೊಳ್ಳುವುದು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಸಂಜೆ ಸತ್ಯವೇದ ಓದಿ ಮುಗಿಯದೆ ಆ ಮನೆಯಲ್ಲಿ ಯಾರಿಗೂ ಅನ್ನ ಬಡಿಸುತ್ತಿರಲಿಲ್ಲ. ಹಾಗೆ ಬೆಳೆದವನಿಗೆ ದೇವರ ಮಾತು ಹೊಸತೇನೂ ಆಗಿರಲಿಲ್ಲ. ಆದರೆ ಬಾಯ್ಲರ್ ಕೋಣೆಯ ಆ ಒಂದು ದಿನದ ನಂತರ, ಚಿಕ್ಕಂದಿನಿಂದ ಕೇಳಿದ ಮಾತುಗಳೆಲ್ಲ ತನ್ನ ಹೆಸರನ್ನೇ ಹಿಡಿದು ಕರೆಯುತ್ತಿವೆ ಎಂದು ಅವನಿಗೆ ಅನ್ನಿಸತೊಡಗಿತು.

ಆ ದಿನ ನಡೆದದ್ದು ಇಷ್ಟು. ಬಾಯ್ಲರಿನಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದವನು ಹಾಶಿಂ, ಕೂಳೂರಿನ ಬ್ಯಾರಿ ಮುಸ್ಲಿಂ ಹುಡುಗ, ಆಗ ಮೂವತ್ತು ದಾಟಿರಲಿಲ್ಲ. ಬೆಳಿಗ್ಗೆ ಅವನು ಬಂದು ಹೇಳಿದ್ದ: "ಸುಕುಮಾರಣ್ಣ, ಮೇಲಿನ ಪೈಪಿನ ಜಾಯಿಂಟಿನಲ್ಲಿ ಸಣ್ಣಗೆ ಆವಿ ಬರ್ತಾ ಉಂಟು. ಗ್ಯಾಸ್ಕೆಟ್ ಹೋಗಿದೆ ಅಂತ ಕಾಣ್ತದೆ."

"ಊಟದ ಹೊತ್ತಿಗೆ ನೋಡುವ ಮಾರಾಯ. ಈಗ ನಿಲ್ಲಿಸಿದರೆ ಸೂಪರ್‌ವೈಸರ್ ಕಿರಿಚ್ತಾರೆ."

ಊಟದ ಹೊತ್ತಿನವರೆಗೆ ಜಾಯಿಂಟ್ ಕಾಯಲಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಅದು ಒಡೆಯಿತು. ಕೋಣೆ ಒಂದೇ ಉಸಿರಿಗೆ ಬೆಳ್ಳಗಾಯಿತು. ಹಾಶಿಂ ಬಾಯ್ಲರಿನ ಹಿಂದೆ ಬೂದಿ ತೆಗೆಯುತ್ತಿದ್ದ. ಆವಿಯ ಸದ್ದಿನ ನಡುವೆ ಅವನ ಕೂಗು ಕೇಳಿಸಿತು: "ವಾಲ್ವ್, ಅಣ್ಣ, ವಾಲ್ವ್." ಮೇನ್ ವಾಲ್ವ್ ಸುಕುಮಾರನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಅವನ ಕಾಲು ಆ ಕಡೆ ಹೋಗಲಿಲ್ಲ. ಬಾಗಿಲಿನ ಕಡೆ ಹೋಯಿತು. ಹೊರಗೆ ಅಂಗಳದಲ್ಲಿ ಎಷ್ಟು ಹೊತ್ತು ನಿಂತಿದ್ದನೋ ಅವನಿಗೇ ಗೊತ್ತಿಲ್ಲ. ಆವಿಯ ರಭಸ ಇಳಿದ ಮೇಲೆ ಒಳಗೆ ಹೋಗಿ ವಾಲ್ವ್ ತಿರುಗಿಸಿದ. ಅಷ್ಟರಲ್ಲಿ ಹಾಶಿಂ ಹಿಂದಿನ ಬೂದಿ ಕಿಂಡಿಯಿಂದ ತೆವಳಿಕೊಂಡು ಹೊರಬಿದ್ದಿದ್ದ. ಬೆನ್ನು, ಬಲಗೈ ಬೆಂದುಹೋಗಿತ್ತು.

ಓಡಿ ಬಂದವರಿಗೆ ಕಂಡದ್ದು ವಾಲ್ವಿನ ಮೇಲೆ ಕೈಯಿಟ್ಟು ನಿಂತ ಸುಕುಮಾರ. "ನೀನು ಬಂದ್ ಮಾಡಿದ್ದಕ್ಕೆ ಆಯ್ತು, ಇಲ್ಲದಿದ್ದರೆ ಆ ಹುಡುಗ ಉಳೀತಿರಲಿಲ್ಲ" ಎಂದರು ಸೂಪರ್‌ವೈಸರ್. ಅವನು ಅಲ್ಲ ಎನ್ನಲಿಲ್ಲ. ಮರುದಿನ ವಿಚಾರಣೆಯಲ್ಲಿ ಜಾಯಿಂಟ್ ಹೇಗೆ ಹೋಯಿತು ಎಂದು ಕೇಳಿದಾಗ ಅವನ ಬಾಯಿಂದ ಇನ್ನೊಂದು ಮಾತು ಬಂತು: "ಹಾಶಿಂ ನನಗೆ ಹೇಳದೆ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದ." ಹಾಶಿಂ ಆಗ ಆಸ್ಪತ್ರೆಯಲ್ಲಿ ಬೋರಲಾಗಿ ಮಲಗಿದ್ದ. ಗುಣವಾಗಿ ಬಂದಾಗ ಅವನಿಗೆ ಕೆಲಸ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದು ಅವನೂ ಹಾಶಿಮೂ ಕಾರ್ಖಾನೆಯೂ ಮಾತ್ರ ಬಲ್ಲ ಸಂಗತಿಯಾಗಿ ಉಳಿಯುತ್ತಿತ್ತೋ ಏನೋ. ಆದರೆ ಸುದ್ದಿ ಚರ್ಚಿಗೂ ಬಂತು. ಮುಂದಿನ ಭಾನುವಾರ ಉಪಕಾರ ಸ್ತುತಿ ಹೇಳಬೇಕೆಂದು ಹಿರಿಯರು ಒತ್ತಾಯ ಮಾಡಿದರು. ಮುನ್ನೂರು ಜನರ ಮುಂದೆ ಮೈಕ್ ಹಿಡಿದು ಅವನು ಹೇಳಿದ: "ಆ ಹೊತ್ತಿನಲ್ಲಿ ಪವಿತ್ರಾತ್ಮನೇ ನನ್ನ ಕೈಗೆ ಬಲ ಕೊಟ್ಟು ವಾಲ್ವ್ ಮುಚ್ಚಿಸಿದ." ಜನ ಆಮೆನ್ ಎಂದರು. ಮುದುಕಿಯರು ಕಣ್ಣೊರೆಸಿಕೊಂಡರು. ಅದೇ ಆರಾಧನೆಯಲ್ಲಿ ಕರ್ತನ ಭೋಜನವಿತ್ತು. ಅಯೋಗ್ಯನಾಗಿ ಇದನ್ನು ತಿನ್ನುವವನು ತನ್ನ ಮೇಲೆ ತಾನೇ ತೀರ್ಪನ್ನು ತಿಂದುಕೊಳ್ಳುತ್ತಾನೆ ಎಂಬ ಎಚ್ಚರಿಕೆಯನ್ನು ಪಾಸ್ಟರು ಎಂದಿನಂತೆ ಓದಿದರು. ಸುಕುಮಾರ ಹೋಗಿ ಮೊಣಕಾಲೂರಿದ, ರೊಟ್ಟಿ ಬಾಯಿಗಿಟ್ಟ. ಅದು ಗಂಟಲಿನಲ್ಲಿ ನಿಂತಿತು. ದ್ರಾಕ್ಷಾರಸ ಕುಡಿದರೂ ಇಳಿಯಲಿಲ್ಲ. ಹೊರಗೆ ಬಂದು ಕಾಂಪೌಂಡಿನ ಮೂಲೆಯಲ್ಲಿ ಕೆಮ್ಮಿ ಕೆಮ್ಮಿ ಉಗಿದ. ಉಗಿದದ್ದು ಕರ್ತನ ಶರೀರವೆಂದು ಆಮೇಲೆ ಹೊಳೆಯಿತು.

ಆಮೇಲೆ ಶುರುವಾದದ್ದು ಹೆದರಿಕೆ. ಮೊದಲು ಅದು ಸಿಕ್ಕಿಬೀಳುವ ಹೆದರಿಕೆ ಎಂದು ಅವನು ತಿಳಿದಿದ್ದ. ವರ್ಷ ಕಳೆದು, ಯಾರೂ ಏನೂ ಕೇಳದೆ ಹೋದಾಗ ಅದು ಕಡಿಮೆಯಾಗುವ ಬದಲು ಬೇರೆಯೇ ಆಯಿತು. ಪವಿತ್ರಾತ್ಮನಿಗೆ ವಿರೋಧವಾದ ಪಾಪಕ್ಕೆ ಕ್ಷಮೆಯೇ ಇಲ್ಲವೆಂದು ಯೇಸುವೇ ಹೇಳಿದ್ದಾನಲ್ಲ. ತಾನು ಪವಿತ್ರಾತ್ಮನ ಹೆಸರು ಹಿಡಿದೇ ಸುಳ್ಳು ಹೇಳಿದವನು. ಅಂದಮೇಲೆ ಪ್ರಾರ್ಥನೆ ಮಾಡುವುದಾದರೂ ಯಾಕೆ? ಆದರೂ ಮಾಡುತ್ತಿದ್ದ, ಬಾಗಿಲು ಹಾಕಿದ ಮನೆಯ ಮುಂದೆ ನಿಂತವನ ಹಾಗೆ.

ದಿನಾ ಬೆಳಿಗ್ಗೆ ಬಸ್ಸು ಕೂಳೂರು ಸೇತುವೆ ಹತ್ತುವಾಗ ಅವನ ಅಂಗೈ ಬೆವರುತ್ತಿತ್ತು. ಗ್ಯಾಸ್ ಟ್ಯಾಂಕರುಗಳು ಒಂದರ ಹಿಂದೆ ಒಂದು ಸಾಗುವಾಗ ಸೇತುವೆ ಸಣ್ಣಗೆ ಅದುರುತ್ತದೆ. ಕೆಳಗೆ ಗುರುಪುರ ಹೊಳೆ. ಈಗ ಸತ್ತರೆ? ಈ ಕ್ಷಣ ಸತ್ತರೆ? ಆಚೆ ದಡ ಮುಟ್ಟುವವರೆಗೆ ಅವನು ಮುಂದಿನ ಸೀಟಿನ ಕಂಬಿ ಬಿಡುತ್ತಿರಲಿಲ್ಲ. ಅಲ್ಲಿಯೇ ಹೆದ್ದಾರಿಯ ಬದಿಯಲ್ಲಿ ಹಾಶಿಮಿನ ಪಂಕ್ಚರ್ ಅಂಗಡಿ ಇತ್ತು. ಅದು ಕಾಣಬಾರದೆಂದು ಅವನು ಯಾವಾಗಲೂ ಬಸ್ಸಿನ ಇನ್ನೊಂದು ಬದಿಯಲ್ಲಿ ಕೂರುತ್ತಿದ್ದ.

ಈ ವರ್ಷ ಮಗಳು ಪ್ರಣೀತಾಳ ದೃಢೀಕರಣ. ಹದಿನಾರು ತುಂಬಿದ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಸಭೆಯ ಮುಂದೆ ಒಪ್ಪಿಕೊಂಡು, ಮೊದಲ ಸಲ ಕರ್ತನ ಭೋಜನ ತೆಗೆದುಕೊಳ್ಳುವ ದಿನ. ಹೊಸದಾಗಿ ಬಂದ ಪಾಸ್ಟರು ಒಂದು ಹೊಸ ಕ್ರಮ ತಂದರು: ತಂದೆ ತಾಯಿ ಇಬ್ಬರೂ ಮಗುವಿನ ಎರಡು ಬದಿಗೆ ಮೊಣಕಾಲೂರಿ ಜೊತೆಯಲ್ಲೇ ತೆಗೆದುಕೊಳ್ಳಬೇಕು. ಫೆಬ್ರವರಿಯ ಒಂದು ಭಾನುವಾರ ಅದನ್ನು ಪ್ರಕಟಿಸಿದಾಗ ಸುಕುಮಾರ ಬೆರಳೆಣಿಸಿದ. ಏಳು ವಾರ ಉಳಿದಿತ್ತು.

ಅದೇ ವಾರ ಸ್ನೇಹಲತಾ ಇನ್ನೊಂದು ಕೆಲಸ ತಂದು ಅವನ ತಲೆಗೆ ಕಟ್ಟಿದಳು. "ಗ್ರೇಟಾ ಟೀಚರಿಗೆ ಕಣ್ಣು ಪೂರ್ತಿ ಹೋಗಿದೆ. ಸಂಜೆ ಯಾರಾದರೂ ಬಂದು ಸತ್ಯವೇದ ಓದಿದರೆ ಸಾಕು ಅಂತಾರೆ. ನೀವು ಮೊದಲ ಶಿಫ್ಟ್ ಮುಗಿಸಿ ಬರುವಾಗ ಅವರ ಮನೆ ದಾರಿಯಲ್ಲೇ ಉಂಟಲ್ಲ."

"ನನ್ನ ಸ್ವರ ಸರಿಯಿಲ್ಲ."

"ಹಾಡ್ಲಿಕ್ಕೆ ಹೇಳಿದ್ದಲ್ಲ. ಓದ್ಲಿಕ್ಕೆ. ನಾನು ಬರ್ತಾರೆ ಅಂತ ಹೇಳಿ ಆಯ್ತು."

ಗ್ರೇಟಾ ಟೀಚರು ಎಂಬತ್ತನಾಲ್ಕು ವರ್ಷದವರು. ಮದುವೆಯಾಗಲಿಲ್ಲ. ನಲವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದವರು, ಸುಕುಮಾರನಿಗೂ ಕಲಿಸಿದವರು. ಕೆಲಸಕ್ಕೆ ಬರುವ ಹೆಂಗಸು ಸಂಜೆ ಚಹಾ ಮಾಡಿಟ್ಟು ಹೋದ ಮೇಲೆ ಅವರೊಬ್ಬರೇ ಚಾವಡಿಯ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮೊದಲ ದಿನ ಅವನು ಹೋದಾಗ ಹೆಜ್ಜೆಯ ಸದ್ದಿಗೆ ಮುಖ ಎತ್ತಿ, "ಸುಕುಮಾರನಾ? ಅಪೊಸ್ತಲರ ಕೃತ್ಯಗಳಿಂದ ಶುರು ಮಾಡು. ಅದರಲ್ಲಿ ಪ್ರಯಾಣ ಉಂಟು, ಸಂಜೆಗೆ ಒಳ್ಳೇದು" ಎಂದರು.

ನಾಲ್ಕು ಅಧ್ಯಾಯ ಸರಾಗವಾಗಿ ಹೋಯಿತು. ಐದನೆಯದರ ಬಾಗಿಲಲ್ಲಿ ಅವನು ನಿಂತ. ಅಲ್ಲಿ ಅನನೀಯನೆಂಬವನು ಸಭೆಯ ಮುಂದೆ ಸುಳ್ಳು ಹೇಳುತ್ತಾನೆ. ನೀನು ಸುಳ್ಳು ಹೇಳಿದ್ದು ಮನುಷ್ಯರಿಗಲ್ಲ, ಪವಿತ್ರಾತ್ಮನಿಗೆ ಎಂದು ಪೇತ್ರ ಹೇಳುವಷ್ಟರಲ್ಲಿ ಅವನು ಬಿದ್ದು ಸಾಯುತ್ತಾನೆ. ಮೂರು ಗಂಟೆಯ ನಂತರ ಹೆಂಡತಿ ಬಂದು ಅದೇ ಸುಳ್ಳು ಹೇಳಿ ಅವಳೂ ಸಾಯುತ್ತಾಳೆ. ಸುಕುಮಾರ ಎದುರಿನ ಮುದುಕಿಯ ಮುಚ್ಚಿದ ಕಣ್ಣನ್ನು ನೋಡಿದ. ಹಾಳೆಯ ಮೇಲೆ ಬೆರಳು ಜಾರಿಸಿ ಹನ್ನೆರಡನೆಯ ವಾಕ್ಯದಿಂದ ಓದಿದ. ಟೀಚರು ಚಹಾದ ಲೋಟವನ್ನು ತಡವಿ ಎತ್ತಿಕೊಂಡು ಒಂದು ಗುಟುಕು ಕುಡಿದರು.

ಅವತ್ತು ತಪ್ಪಿಸಿಕೊಂಡೆ ಎಂದುಕೊಂಡ. ಅಲ್ಲಿಂದ ಅದೇ ಅಭ್ಯಾಸವಾಯಿತು. ಮಾರ್ಕನ ಸುವಾರ್ತೆಯಲ್ಲಿ ಕ್ಷಮೆಯಿಲ್ಲದ ಪಾಪದ ಮಾತು ಬಂದಾಗ ಎರಡು ವಾಕ್ಯ ಹಾರಿಸಿದ. ಇಬ್ರಿಯರ ಪತ್ರದಲ್ಲಿ, ರುಚಿ ನೋಡಿದ ಮೇಲೆ ಬಿದ್ದುಹೋದವರ ಬಗ್ಗೆ ಇದ್ದದ್ದನ್ನು ಪೂರ್ತಿ ಬಿಟ್ಟ. ಮನೆಗೆ ನಡೆಯುವಾಗ ಮಾತ್ರ ಆ ಬಿಟ್ಟ ವಾಕ್ಯಗಳು ಅಕ್ಷರ ಅಕ್ಷರವಾಗಿ ಬೆನ್ನ ಹಿಂದೆ ಬರುತ್ತಿದ್ದವು. ಕುರುಡಿಗೆ ದೇವರ ವಾಕ್ಯವನ್ನು ಕದ್ದು ಓದಿದ್ದೂ ಲೆಕ್ಕಕ್ಕೆ ಸೇರಿತಲ್ಲ ಎಂದು ಇನ್ನೊಂದು ಹೆದರಿಕೆ. ಊಟ ಸೇರದಾಯಿತು. "ಎಂತ ಆಯ್ತು ನಿಮಗೆ? ಡಾಕ್ಟರ ಹತ್ರ ಹೋಗುವನಾ?" ಎಂದು ಸ್ನೇಹಲತಾ ಎರಡು ಸಲ ಕೇಳಿದಳು. ಗ್ಯಾಸ್ಟ್ರಿಕ್ ಎಂದ.

ಐದನೆಯ ವಾರದ ಒಂದು ಸಂಜೆ ಅವನು ಪುಸ್ತಕ ತೆರೆಯುವ ಮೊದಲೇ ಟೀಚರು ಕೇಳಿದರು.

"ಅನನೀಯ ಎಲ್ಲಿ ಹೋದ ಸುಕುಮಾರ?"

ಅವನು ಪುಸ್ತಕವನ್ನು ಮಡಿಲಿಗೆ ಇಳಿಸಿದ.

"ನಾಲ್ಕನೇ ಅಧ್ಯಾಯ ಮುಗಿದ ಕೂಡಲೇ ಅವ ಬರಬೇಕು. ಬರಲಿಲ್ಲ. ಮುದ್ರಣದಲ್ಲಿ ಬಿಟ್ಟುಹೋಗಿರಬೇಕು ಅಂತ ಎಣಿಸಿದೆ. ಆಮೇಲೆ ಮಾರ್ಕದಲ್ಲೂ ಬಿಟ್ಟುಹೋಯ್ತು. ಇಬ್ರಿಯದಲ್ಲೂ. ಮಕ್ಕಳಿಗೆ ನಲವತ್ತು ವರ್ಷ ಬಾಯಿಪಾಠ ಮಾಡಿಸಿದವಳು ನಾನು. ನನ್ನ ಕಣ್ಣು ಹೋದದ್ದು, ತಲೆ ಹೋಗಿಲ್ಲ."

ಹೊರಗೆ ಯಾರದೋ ಮನೆಯ ಕುಕ್ಕರ್ ಸೀಟಿ ಹಾಕಿತು. ಆವಿಯ ಆ ಸದ್ದಿಗೆ ಅವನು ಕುರ್ಚಿಯಲ್ಲಿ ಬೆಚ್ಚಿಬಿದ್ದ. ಬೆತ್ತ ಕಿರುಗುಟ್ಟಿದ್ದು ಟೀಚರಿಗೆ ಕೇಳಿಸಿತು.

"ನೀನು ಬಿಟ್ಟ ವಾಕ್ಯ ಎಲ್ಲ ಒಂದೇ ಕಡೆಯವು. ಯಾಕೆ ಅಂತ ಹೇಳ್ತೀಯಾ? ಹೇಳದಿದ್ದರೂ ಅಡ್ಡಿಯಿಲ್ಲ, ಚಹಾ ಕುಡಿದು ಹೋಗು."

ಅವನು ಹೇಳಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ, ಕಣ್ಣು ಕಾಣದ ಒಂದು ಮುಖದ ಮುಂದೆ, ಜಾಯಿಂಟಿನಿಂದ ಹಿಡಿದು ಕಾಂಪೌಂಡಿನ ಮೂಲೆಯಲ್ಲಿ ಉಗಿದದ್ದರವರೆಗೆ ಎಲ್ಲವನ್ನೂ. ಟೀಚರು ಸಮಾಧಾನದ ಮಾತು ಆಡಲಿಲ್ಲ. ಅಯ್ಯೋ ಎನ್ನಲೂ ಇಲ್ಲ.

ಮುಗಿದ ಮೇಲೆ ಕೇಳಿದರು, "ಅನನೀಯ ಯಾರ ಎದುರು ಬಿದ್ದು ಸತ್ತದ್ದು?"

"ಪೇತ್ರನ ಎದುರು."

"ಆ ಪೇತ್ರ ಯಾರು? ಬೆಂಕಿ ಕಾಯಿಸ್ತಾ ಕೂತು, ಯೇಸು ಯಾರು ಅಂತಲೇ ಗೊತ್ತಿಲ್ಲ ಅಂತ ಮೂರು ಸಲ ಹೇಳಿದವ. ಆಣೆ ಇಟ್ಟು ಹೇಳಿದವ. ಅವನಿಗೆ ಸಮುದ್ರದ ಬದಿಯಲ್ಲಿ ಮೀನು ಸುಟ್ಟು ತಿನ್ನಲಿಕ್ಕೆ ಕೊಟ್ಟದ್ದು ಯಾರು?"

ಅದು ಯೇಸುವೇ ಎಂದು ಸುಕುಮಾರನಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರಯೋಜನಕ್ಕೆ ಬಂದಿರಲಿಲ್ಲ. "ಇಬ್ಬರೂ ಸುಳ್ಳು ಹೇಳಿದವರೇ, ಟೀಚರ್. ಒಬ್ಬ ಸತ್ತ, ಒಬ್ಬ ಉಳಿದ. ನಾನು ಯಾರು ಅಂತ ನನಗೆ ಹೇಗೆ ಗೊತ್ತಾಗುವುದು?"

ಟೀಚರು ಕುರ್ಚಿಯಲ್ಲಿ ಮುಂದೆ ಬಗ್ಗಿದರು.

"ನೀನು ಉಳಿದವ ಅಂತ ನಾನು ಹೇಳಬಹುದು. ಅದು ನನ್ನ ಮಾತಾಗ್ತದೆ. ನಾಳೆ ಬೆಳಿಗ್ಗೆ ಬಸ್ಸು ಹತ್ತುವಾಗ ಅದು ನಿನ್ನ ಕೈಯಲ್ಲಿ ನಿಲ್ಲುವುದಿಲ್ಲ. ಯೋಹಾನ ತೆಗೆ. ಆರನೇ ಅಧ್ಯಾಯ, ಮೂವತ್ತೇಳು."

ಅವನು ಓದಿದ. ತನ್ನ ಬಳಿಗೆ ಬರುವವನನ್ನು ತಾನು ಎಂದೂ ಹೊರಗೆ ತಳ್ಳುವುದಿಲ್ಲವೆಂದು ಯೇಸು ಜನರಿಗೆ ಹೇಳುವ ವಾಕ್ಯ. ಎಷ್ಟು ಸಲ ಕೇಳಿದ್ದೋ.

"ಇನ್ನೊಮ್ಮೆ ಓದು. ನಿಧಾನಕ್ಕೆ. ಯಾರನ್ನು ತಳ್ಳುವುದಿಲ್ಲ?"

"ಬರುವವನನ್ನು."

"ಒಳ್ಳೆಯವನಾಗಿ ಬರುವವನನ್ನು ಅಂತ ಉಂಟಾ?"

"ಇಲ್ಲ."

"ಹೆದರದೆ ಬರುವವನನ್ನು ಅಂತ ಉಂಟಾ? ಸರಿಯಾಗಿ ನೋಡು. ನನಗೆ ಕಣ್ಣಿಲ್ಲ."

ಅವನು ನಿಜಕ್ಕೂ ಬಗ್ಗಿ ನೋಡಿದ. ಹಾಳೆಯ ಮೇಲೆ ಅಕ್ಷರ ಕದಡಿದಂತೆ ಕಂಡಿತು. "ಇಲ್ಲ ಟೀಚರ್. ಬರುವವನನ್ನು ಅಂತ ಮಾತ್ರ ಉಂಟು."

"ಹೆದರಿಕೆ ಹೋದ ಮೇಲೆ ಬರ್ತೇನೆ ಅಂತ ನೀನು ಗೇಟಿನಲ್ಲಿ ನಿಂತಿದ್ದಿ. ಅದು ಹೋಗುವುದಿಲ್ಲ ಮಗಾ. ನನಗೆ ಹೆದರಿಕೆ ಇಲ್ಲ ಅಂತ ಎಣಿಸಿದ್ದಿಯಾ? ಹಗಲೂ ಕತ್ತಲೆ ನನಗೆ. ಯಾವ ಹೊತ್ತಿಗೆ ಕರೆ ಬರ್ತದೋ ಅಂತ ಕೂತಿರ್ತೇನೆ. ಹೆದರಿಕೆ ಆದ ಹಾಗೆಲ್ಲ ಆ ವಾಕ್ಯ ಬಾಯಲ್ಲಿ ಹೇಳ್ತೇನೆ. ನನ್ನ ಹೆದರಿಕೆ ಸುಳ್ಳಾಗಬಹುದು, ಅವ ಹೇಳಿದ್ದು ಸುಳ್ಳಾಗುವುದಿಲ್ಲ. ಅಷ್ಟೇ ನನ್ನ ನಿಶ್ಚಯ. ದೊಡ್ಡದು ಬೇರೆ ಯಾವುದೂ ಇಲ್ಲ."

ಅವನು ಎದ್ದು ಹೊರಟಾಗ ಟೀಚರು ಕರೆದು ನಿಲ್ಲಿಸಿದರು. "ಆ ಹುಡುಗ ಇದ್ದಾನಾ, ಹಾಶಿಂ?"

"ಇದ್ದಾನೆ. ಕೂಳೂರಲ್ಲಿ."

"ಹೋಗು. ಅವ ಕ್ಷಮಿಸಿದರೆ ದೇವರೂ ಕ್ಷಮಿಸ್ತಾನೆ ಅಂತ ಹೋಗಬೇಡ. ಅದು ವ್ಯಾಪಾರ ಆಗ್ತದೆ. ಅವನದ್ದೊಂದು ನಿನ್ನ ಹತ್ರ ಉಳಿದಿದೆ, ಕೊಟ್ಟು ಬಾ."

ಮೂರು ದಿನ ಅವನು ಹೋಗಲಿಲ್ಲ. ನಾಲ್ಕನೆಯ ದಿನ ಕೆಲಸ ಬಿಟ್ಟು ಬರುವಾಗ ಸೇತುವೆಗೆ ಮೊದಲೇ ಬಸ್ಸಿಳಿದ. ಹೆದ್ದಾರಿಯ ಧೂಳಿನಲ್ಲಿ ಆ ಅಂಗಡಿಯವರೆಗೆ ಇನ್ನೂರು ಹೆಜ್ಜೆ. ಹಾಶಿಂ ಒಂದು ಲಾರಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಬಲಗೈಯ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಮಡಚಿದ್ದವು. ಎಡಗೈಯಲ್ಲೇ ಎಲ್ಲ ಮಾಡುತ್ತಿದ್ದ.

ತಲೆ ಎತ್ತಿ ನೋಡಿದವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. "ಕೂತ್ಕೊಳ್ಳಿ ಸುಕುಮಾರಣ್ಣ" ಎಂದು ಪ್ಲಾಸ್ಟಿಕ್ ಸ್ಟೂಲನ್ನು ಕಾಲಿನಿಂದ ತಳ್ಳಿದ.

ಸುಕುಮಾರ ಕೂರಲಿಲ್ಲ. ನಿಂತೇ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಒಂದೂ ಬರಲಿಲ್ಲ. "ನಾನು ಓಡಿದೆ. ವಾಲ್ವ್ ಆಮೇಲೆ ಮುಚ್ಚಿದ್ದು. ಬೋಲ್ಟಿಗೆ ನೀನು ಕೈ ಹಾಕಿರಲಿಲ್ಲ. ಬೆಳಿಗ್ಗೆ ನೀನು ಹೇಳಿದ್ದೆ, ನಾನೇ ಆಮೇಲೆ ನೋಡುವ ಅಂದದ್ದು."

"ಗೊತ್ತುಂಟು." ಹಾಶಿಂ ಟ್ಯೂಬನ್ನು ತೊಟ್ಟಿಯಿಂದ ತೆಗೆದು ಬಟ್ಟೆಯಲ್ಲಿ ಒರೆಸಿದ. "ನೀವು ಓಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಬಾಗಿಲಿನ ಹತ್ರ ನಾನಿದ್ದರೆ ನಾನೂ ಓಡ್ತಿದ್ದೆ. ಬೋಲ್ಟಿನ ಮಾತು ಯಾಕೆ ಹೇಳಿದಿರಿ? ಉಮ್ಮ ಸಾಯುವವರೆಗೆ ಕೇಳ್ತಿದ್ದರು. ಎಂತಕ್ಕೆ ಮಗನೇ ಆ ಬೋಲ್ಟ್ ಮುಟ್ಟಿದ್ದು ಅಂತ. ಮುಟ್ಟಲಿಲ್ಲ ಉಮ್ಮ ಅಂದರೆ, ಆ ಕ್ರಿಸ್ತಾನ ಪರ್ಬು ದೇವರ ಮನುಷ್ಯ, ಸುಳ್ಳು ಹೇಳ್ತಾನಾ ಅಂತಿದ್ದರು."

ಹಾಶಿಮಿನ ತಾಯಿ ಖತೀಜಮ್ಮ ಹಬ್ಬದ ದಿನ ಡಬ್ಬಿಯಲ್ಲಿ ಬಿರಿಯಾನಿ ಕಳಿಸುತ್ತಿದ್ದವರು, ಸುಕುಮಾರನ ಪಾಲನ್ನು ಬೇರೆ ಕಟ್ಟಿ. ಅವರು ತೀರಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಈಗ ಸ್ಟೂಲಿನ ಮೇಲೆ ಕೂತ.

"ನನ್ನನ್ನು ಕ್ಷಮಿಸು ಅಂತ ಕೇಳ್ಲಿಕ್ಕೂ ಹೆದರಿಕೆ ಆಗ್ತದೆ" ಎಂದ.

ಹಾಶಿಂ ಅಂಗಡಿಯ ಹಿಂದಿನ ಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದ. ಮುನೀರಾ ತಲೆಗೆ ಬಟ್ಟೆ ಎಳೆದುಕೊಂಡು ಬಾಗಿಲಿಗೆ ಬಂದಳು. "ಇವಳ ಎದುರು ಇನ್ನೊಮ್ಮೆ ಹೇಳಿ. ಕಂಪೆನಿಗೂ ಬರೆದು ಕೊಡಿ. ಮಾಫಿ ಇವತ್ತು ನನ್ನಿಂದ ಆಗುವುದಿಲ್ಲ ಅಣ್ಣ. ಬಾಯಲ್ಲಿ ಹೇಳಬಹುದು. ಒಳಗೆ ಇಲ್ಲದ್ದು ಹೇಳಿ ಎಂತಕ್ಕೆ?"

ಸುಕುಮಾರ ಮುನೀರಾಳ ಎದುರು ಪುನಃ ಹೇಳಿದ. ಅವಳು ಪೂರ್ತಿ ಕೇಳಿ, ಒಳಗೆ ಹೋಗಿ, ನೀರು ತಂದುಕೊಟ್ಟಳು.

ಅಲ್ಲಿಂದ ಅವನು ಬಸ್ಸಿಗೆ ಕಾಯದೆ ಸೇತುವೆಯ ಮೇಲೆ ನಡೆದೇ ಹೊರಟ. ಮನಸ್ಸು ಹಗುರವಾಗುತ್ತದೆ ಎಂದು ಒಳಗೊಳಗೆ ಎಲ್ಲೋ ಆಸೆಯಿತ್ತು. ಆಗಲಿಲ್ಲ. ಖತೀಜಮ್ಮನ ಮಾತೇ ಕಿವಿಯಲ್ಲಿತ್ತು. ಸತ್ತವರ ಹತ್ತಿರ ಯಾವ ಬಾಯಿಂದ ಹೋಗಿ ಹೇಳುವುದು? ಟ್ಯಾಂಕರೊಂದು ಮೈ ಸವರಿದಂತೆ ಹೋಯಿತು. ಸೇತುವೆ ಅದುರಿತು. ಹಳೆಯ ಹೆದರಿಕೆ ಕಾಲಿನಿಂದ ಎದೆಗೇರಿತು: ಹಾಶಿಮೇ ಕ್ಷಮಿಸದ ಮೇಲೆ ದೇವರು? ಅವನು ಕಂಬಿ ಹಿಡಿದು ನಿಂತ. ಕೆಳಗಿನ ನೀರು ನೋಡಲಿಲ್ಲ. ಟೀಚರು ಕೇಳಿದ್ದನ್ನು ತನಗೆ ತಾನೇ ಕೇಳಿಕೊಂಡ. ಹಾಶಿಂ ಕ್ಷಮಿಸಿದವನನ್ನು ಮಾತ್ರ ಅಂತ ಅಲ್ಲಿ ಉಂಟಾ? ಇಲ್ಲ. ಬರುವವನನ್ನು. "ಹಾಗಾದರೆ ಬರ್ತಾ ಇದ್ದೇನೆ" ಎಂದು ಬಾಯಿಬಿಟ್ಟು ಹೇಳಿದ. ಲಾರಿಗಳ ಸದ್ದಿನಲ್ಲಿ ಅವನಿಗೇ ಅದು ಕೇಳಿಸಲಿಲ್ಲ. ಹೆದರಿಕೆ ಹೋಗಲಿಲ್ಲ. ಆದರೆ ಅದರ ಜೊತೆಯಲ್ಲೇ ಕಾಲು ಮುಂದೆ ಬಂತು. ಅದು ಅವನಿಗೆ ಹೊಸತಾಗಿತ್ತು.

ಅವತ್ತೇ ಸಂಜೆ ಮನೆಯ ಹಿಂದಿನ ಕಟ್ಟೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಸ್ನೇಹಲತಾಳಿಗೆ ಹೇಳಿದ. ಅವಳ ಕೈಯ ಬಾಳೆನಾರು ನಿಂತಿತು. ಸಿಟ್ಟು ಬಂದದ್ದು ಅವನು ಎಣಿಸಿದ ಕಡೆಯಿಂದ ಅಲ್ಲ.

"ಒಂಬತ್ತು ವರ್ಷ ನನ್ನ ಪಕ್ಕದಲ್ಲೇ ಇದ್ದು ಒಬ್ಬರೇ ಹೆದರ್ತಾ ಇದ್ದಿರಾ? ಪ್ರತಿ ಸಲ ನಾನು ರೊಟ್ಟಿ ತೆಗೆದುಕೊಳ್ಳುವಾಗ ನೀವೂ ತೆಗೆದುಕೊಂಡಿರಿ ಅಂತ ದೇವರಿಗೆ ಸ್ತೋತ್ರ ಹೇಳ್ತಿದ್ದೆ ನಾನು." ಎರಡು ದಿನ ಅವಳು ಅಗತ್ಯವಿದ್ದಷ್ಟು ಮಾತ್ರ ಮಾತಾಡಿದಳು. ಮೂರನೆಯ ದಿನ, "ಪಾಸ್ಟರಿಗೆ ಹೇಳಿದಿರಾ?" ಎಂದು ಕೇಳಿದಳು.

ಪಾಸ್ಟರು ಶಾಂತವಾಗಿ ಕೇಳಿ, ಸಭೆಯ ಮುಂದೆ ಹೇಳುವ ಅಗತ್ಯ ಇಲ್ಲ, ತನ್ನೆದುರು ಹೇಳಿದ್ದು ಸಾಕು ಎಂದರು. "ಸುಳ್ಳು ಹೇಳಿದ್ದು ಎಲ್ಲರ ಎದುರು, ಅಯ್ಯ" ಎಂದ ಸುಕುಮಾರ. ದೃಢೀಕರಣದ ಹಿಂದಿನ ಭಾನುವಾರ, ಪ್ರಕಟಣೆಗಳ ನಂತರ, ಅದೇ ಮೈಕಿನ ಮುಂದೆ ನಿಂತ. ಮುನ್ನೂರು ಮುಖ. ಕಾಗದದಲ್ಲಿ ಬರೆದು ತಂದದ್ದು ನಾಲ್ಕೇ ಸಾಲು. ಓದಿ ಮುಗಿಸಿದಾಗ ಯಾರೂ ಆಮೆನ್ ಎನ್ನಲಿಲ್ಲ. ಯಾರೋ ಕೆಮ್ಮಿದರು. ಆರಾಧನೆ ಮುಗಿದ ಮೇಲೆ ಕೆಲವರು ಬಂದು ಕೈ ಹಿಡಿದರು; ಅಂದು ಉಪಕಾರ ಸ್ತುತಿಗೆ ಒತ್ತಾಯ ಮಾಡಿದ್ದ ಹಿರಿಯರೊಬ್ಬರು ಮುಖ ತಿರುಗಿಸಿಕೊಂಡು ಕಾರು ಹತ್ತಿದರು. ಕಾರ್ಖಾನೆಗೆ ಬರೆದುಕೊಟ್ಟ ಪತ್ರಕ್ಕೂ ಉತ್ತರ ಬಂತು. ಹಾಶಿಮಿನದ್ದು ತಪ್ಪಿಲ್ಲವೆಂದು ಅವನ ಹೆಸರಿಗೆ ಒಂದು ಕಾಗದ ಹೋಯಿತು. ಸುಕುಮಾರನನ್ನು ಬಾಯ್ಲರಿನಿಂದ ತೆಗೆದು ಗೇರುಸಿಪ್ಪೆ ರಾಶಿ ಹಾಕುವ ಅಂಗಳಕ್ಕೆ ಹಾಕಿದರು. ಮುಂದೆ ಎಂತ ಮಾಡುತ್ತಾರೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ದೃಢೀಕರಣದ ಬೆಳಿಗ್ಗೆ ಪ್ರಣೀತಾ ಬಿಳಿ ಸೀರೆಯ ನೆರಿಗೆ ಸರಿ ಬಾರದೆ ಅಮ್ಮನ ಜೊತೆ ಜಗಳವಾಡುತ್ತಿದ್ದಳು. ಸುಕುಮಾರ ಸ್ನಾನದ ಕೋಣೆಯಲ್ಲಿ ಗೋಡೆಗೆ ಹಣೆಯಿಟ್ಟು ನಿಂತಿದ್ದ. ಇವತ್ತು ಬಿದ್ದು ಸತ್ತರೆ ಮಗಳ ಪಕ್ಕದಲ್ಲೇ ಸಾಯುತ್ತೇನಲ್ಲ ಎಂಬ ಒಂದೇ ಯೋಚನೆ ಸುತ್ತಿ ಸುತ್ತಿ ಬಂತು. ಪ್ರತಿ ಸುತ್ತಿಗೂ ಅವನು ಆ ವಾಕ್ಯವನ್ನು ಅಡ್ಡ ಇಟ್ಟ. ಅದು ಹೆದರಿಕೆಯನ್ನು ಓಡಿಸಲಿಲ್ಲ. ಅವನನ್ನು ಓಡಲು ಬಿಡಲಿಲ್ಲ, ಅಷ್ಟೇ.

ಚರ್ಚು ತುಂಬಿತ್ತು. ಮಕ್ಕಳ ಹೆಸರು ಒಂದೊಂದಾಗಿ ಕರೆದರು. ಪಾಸ್ಟರು ಎಚ್ಚರಿಕೆಯ ಆ ಮಾತನ್ನು ಎಂದಿನಂತೆ ಓದಿದರು. ಸುಕುಮಾರ ಅದನ್ನು ಕಿವಿ ತೆರೆದು ಕೊನೆಯವರೆಗೆ ಕೇಳಿದ. ಬೇರೆಯವರಿಗೆ ಬರೆದದ್ದು ಎಂದುಕೊಳ್ಳಲಿಲ್ಲ. ತನಗೇ ಬರೆದದ್ದು. ಒಬ್ಬೊಬ್ಬನೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ ಎಂಬ ಮಾತಿನ ನಂತರ, ಹಾಗೆ ಮಾಡಿ ತಿನ್ನಲಿ ಎಂದೂ ಅಲ್ಲಿ ಇತ್ತು. ತಿನ್ನದೆ ಹೋಗಲಿ ಎಂದು ಇರಲಿಲ್ಲ. ಇಷ್ಟು ವರ್ಷ ಅರ್ಧ ವಾಕ್ಯಕ್ಕೇ ಅವನ ಕಿವಿ ಮುಚ್ಚಿಹೋಗುತ್ತಿತ್ತು.

"ಪ್ರಣೀತಾ ಕರ್ಕಡ" ಎಂದರು.

ಮೂವರೂ ಮುಂದೆ ಹೋಗಿ ಮೊಣಕಾಲೂರಿದರು. ಮಗಳು ನಡುವೆ. ಪಾಸ್ಟರ ಕೈ ಮಗಳಿಂದ ಸ್ನೇಹಲತಾಳಿಗೆ, ಸ್ನೇಹಲತಾಳಿಂದ ಅವನ ಕಡೆಗೆ ಬಂತು. ಅಂಗೈ ಚಾಚಿದ. ಎಡಗೈಯನ್ನು ಅದರ ಕೆಳಗೆ ಆಸರೆಯಾಗಿ ಇಟ್ಟ. ರೊಟ್ಟಿಯ ತುಂಡು ಹಗುರ, ಒಣಕಲು. ಒಂದು ಕ್ಷಣ ಅವನಿಗೆ ಏನೂ ಕೇಳಿಸಲಿಲ್ಲ. ಬಾಯಿಗಿಟ್ಟ. ಜಗಿದ. ರೊಟ್ಟಿ ಇಳಿಯಿತು. ಲೋಟ ಬಂತು, ಕುಡಿದ. ಏನೂ ಆಗಲಿಲ್ಲ. ಬೆಳಕು ಬೀಳಲಿಲ್ಲ, ಸ್ವರ ಕೇಳಲಿಲ್ಲ. ಅವನು ಬದುಕಿದ್ದ. ತಳ್ಳಿರಲಿಲ್ಲ ಯಾರೂ.

ಸಾಲು ಹಿಂದೆ ಕಾಯುತ್ತಿತ್ತು. ಸ್ನೇಹಲತಾ ಎದ್ದಳು. ಅವನು ಏಳಲಿಲ್ಲ. ಪ್ರಣೀತಾ ಬಗ್ಗಿ ಅವನ ತೋಳು ಹಿಡಿದು ಮೆಲ್ಲಗೆ ಹೇಳಿದಳು, "ಪಪ್ಪ, ಏಳಿ. ಮುಗೀತು."

"ಒಂದು ನಿಮಿಷ" ಎಂದ ಅವನು.